ತೋಡಿನ ಕೊಳವೆಗೆ ಎರಡನೇ ಪಿನ್ನು

"ಬೆರಳು ತೆಗೀಬೇಡಿ."

ಆ ಮನುಷ್ಯ ಪ್ರೇಮಾವತಿಗೆ ಆಡಿದ ಮೊದಲ ಮಾತು ಇದು. ನಮಸ್ಕಾರವಿಲ್ಲ, ಯಾರೆಂದು ಕೇಳಲಿಲ್ಲ, ಮುಖ ಕೂಡ ಎತ್ತಲಿಲ್ಲ. ಸೀಮೆಎಣ್ಣೆ ಡಬ್ಬದಿಂದ ಇಳಿಬಿದ್ದ ರಬ್ಬರ್ ಕೊಳವೆಯ ಬಾಯನ್ನು ಅವಳ ಬೆರಳಿಗೆ ಒತ್ತಿ, ಅಷ್ಟೇ ದೊಡ್ಡ ಇನ್ನೊಂದು ಡಬ್ಬದ ಕಡೆಗೆ ಓಡಿದ.

ಅವಳು ಬಂದದ್ದು ಜಗಳಕ್ಕೆ. ಬಚ್ಚಲಿನ ತಾಮ್ರದ ಹಂಡೆ ಬೆಳಿಗ್ಗೆಯಿಂದ ಕಾಣುತ್ತಿರಲಿಲ್ಲ. ಈಗ ನೋಡಿದರೆ ಅದು ಕಾಫಿ ಒಣಗಿಸುವ ಕಣದ ಮೆಟ್ಟಿಲ ಕೆಳಗೆ, ತಳಕ್ಕೊಂದು ತೂತು ಕೊರೆಸಿಕೊಂಡು ಕೂತಿತ್ತು!

'ಇವನ್ಯಾರು, ನಮ್ಮ ಹಂಡೆಗೆ ತೂತು ಕೊರೆಯೋಕೆ?' ಎಂದುಕೊಂಡಳು. ಆದರೂ ಬೆರಳು ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ.

ಕೊಳವೆ ಸುಮ್ಮನಿರಲಿಲ್ಲ. ಬೆರಳ ಸಂದಿಯಿಂದ ನೀರು ಚಿಮ್ಮಿ ಸೀರೆ ಒದ್ದೆಯಾಯಿತು. ಅವಳು ಇನ್ನೊಂದು ಕೈಯಿಂದ ತುರುಬಿನ ಪಿನ್ನು ಕಿತ್ತು, ಕೊಳವೆಯನ್ನು ಮಡಚಿ ಅದರ ಮೇಲೆ ಸಿಕ್ಕಿಸಿದಳು. ನೀರು ನಿಂತಿತು.

ಅವನು ಆಗ ತಿರುಗಿ ನೋಡಿದ. ಮೊದಲು ಪಿನ್ನನ್ನು, ಆಮೇಲೆ ಬಿಚ್ಚಿಬಿದ್ದ ಜಡೆಯನ್ನು, ಕೊನೆಗೆ ಅವಳನ್ನು.

"ಇಂಥದ್ದು ಇನ್ನೂ ಎಷ್ಟಿದೆ ನಿಮ್ಮ ಹತ್ತಿರ?" ಎಂದ, ಬಹಳ ಗಂಭೀರವಾಗಿ.

ಚೆಟ್ಟಳ್ಳಿಯ ಸಾಂತಪ್ಪನವರ ಮಗಳ ಪ್ರೇಮ ಶುರುವಾದದ್ದು ಹೀಗೆ. ಹೂವಿರಲಿಲ್ಲ, ಹಾಡಿರಲಿಲ್ಲ, ಹಂಡೆಯೂ ಹಾಳಾಗಿತ್ತು.

*

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರ್ನಾಲ್ಕು ವರ್ಷವಾಗಿತ್ತು. ಸೇರಿದ್ದರಿಂದ ಏನು ಬಂತು ಎಂದು ಗೊಣಗುತ್ತಿದ್ದ ತೋಟದವರ ಮನೆಬಾಗಿಲಿಗೆ ಕೊನೆಗೂ ಕರೆಂಟಿನ ಕಂಬ ಬಂದಿತ್ತು. ಕಂಬದ ಹಿಂದೆಯೇ ಈ ನಾಣಯ್ಯ ಬಂದಿದ್ದ.

ಭಾಗಮಂಡಲದ ಕಡೆಯ ಹುಡುಗ, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವನು, ವಿರಾಜಪೇಟೆಯಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸ. ಅವರಿಗೆ ಪ್ರತಿ ತೋಟದಿಂದ ಹೇಳಿದ ದಿನಕ್ಕೆ ಕಾಫಿ ಬರಬೇಕು. ಬರದಿದ್ದರೆ ಅವರು ವ್ಯಾಪಾರಿಗಳಿಗೆ ಕೊಟ್ಟ ಮಾತು ಮುರಿಯುತ್ತದೆ. ಕೊಯ್ದ ಹಣ್ಣನ್ನು ಅವತ್ತೇ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸದಿದ್ದರೆ ರಾಶಿ ಬಿಸಿಯಾಗಿ ಹುಳಿಯುತ್ತದೆ. ಹಾಗಾಗಿ ಯಾವ ತೋಟದ ಪಲ್ಪರು ಯಾವ ಗಳಿಗೆಯಲ್ಲಿ ನಿಂತೀತು ಎನ್ನುವುದನ್ನು ನಿಲ್ಲುವ ಮುಂಚೆಯೇ ತಿಳಿದುಕೊಂಡು ಬಾ ಎಂದು ಇವನನ್ನು ಕಳಿಸಿದ್ದರು.

ಇಂಥ ಕೆಲಸಕ್ಕೆ ಜ್ಯೋತಿಷಿಯನ್ನು ಕಳಿಸುವುದು ವಾಡಿಕೆ. ಇವನು ಡಬ್ಬ ತಂದಿದ್ದ.

"ನೋಡಿ ಸಾಂತಪ್ಪನವರೇ, ನಿಮ್ಮ ಪಲ್ಪರು ತಿರುಗಿಸೋಕೆ ಮೂರು ದಾರಿ ಇದೆ," ಎಂದು ವಿವರಿಸಿದ. "ತೋಟದೊಳಗೆ ಹರಿಯೋ ತೋಡಿನ ನೀರಿನ ಚಕ್ರ, ಡೀಸೆಲ್ ಎಂಜಿನ್ನು, ಈಗ ಬಂದಿರೋ ಕರೆಂಟು. ಮೇಲಿರೋ ಮೂರು ಡಬ್ಬ ಅವೇ. ಕೆಳಗಿನ ಹಂಡೆ ನಿಮ್ಮ ಪಲ್ಪಿಂಗ್ ಹೌಸು. ತಳದ ತೂತಿಂದ ಹೋಗೋ ನೀರು ದಿನದ ಕೆಲಸ. ಹಂಡೆಯೊಳಗೆ ತೇಲ್ತಾ ಇದೆಯಲ್ಲ ಕೆಂಪು ಬಾವುಟ, ಅದು ಈ ಗೆರೆಗಿಂತ ಕೆಳಗಿಳಿದರೆ ಹಣ್ಣು ಹುಳಿಯಿತು ಅಂತ ಲೆಕ್ಕ. ಒಂದೊಂದೇ ಕೊಳವೆ ಮುಚ್ಚಿ ನೋಡೋಣ. ನಿಜವಾದ ತೋಟ ಹಾಳಾಗೋ ಮೊದಲು ಹಂಡೆಯಲ್ಲೇ ಹಾಳು ಮಾಡಿ ನೋಡೋದು."

ಸಾಂತಪ್ಪನವರು ಹಂಡೆಯನ್ನು ಸುತ್ತು ಹಾಕಿದರು. "ನಮ್ಮಪ್ಪ ಕಾಡು ಕಡಿದು ಮಾಡಿದ ತೋಟ. ನೀನು ಬಚ್ಚಲು ಹಂಡೆಗೆ ಇಳಿಸಿಬಿಟ್ಟೆಯಲ್ಲ ಮಾರಾಯ."

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಿದ್ದಣ್ಣ ನಕ್ಕ. ಸಾವ್ಕಾರರು ಹೇಳಿದ್ದಕ್ಕೆಲ್ಲ ನಗುವುದು ಅವನ ಕೆಲಸಗಳಲ್ಲಿ ಒಂದಾಗಿತ್ತು.

ಆದರೂ ಸಾಂತಪ್ಪನವರಿಗೆ ಉತ್ತರ ಬೇಕಿತ್ತು. ಮೂರನ್ನೂ ಸಾಕುವುದು ದಂಡ. ಕರೆಂಟಿನ ಜೊತೆಗೆ ಚಕ್ರವೋ ಎಂಜಿನ್ನೋ, ಯಾವುದಾದರೊಂದು ಸಾಕು. ಯಾವುದು ಎನ್ನುವುದೇ ಪ್ರಶ್ನೆ. ಎಂಜಿನ್ನಿನ ಹಿತ್ತಾಳೆ ಫಲಕ ದಿನಾ ಉಜ್ಜಿಸುತ್ತಿದ್ದ ಅವರ ಮನಸ್ಸು ಎಲ್ಲಿತ್ತು ಎಂದು ಹೇಳಬೇಕಾಗಿಲ್ಲ.

*

ಕೊಳವೆಗೆ ತಿರುಪು ನಲ್ಲಿ ಬೇಕು; ನಲ್ಲಿಗೆ ಮೈಸೂರಿಗೆ ಹೋಗಬೇಕು. ಪ್ರೇಮಾವತಿಯ ಪಿನ್ನು ಆ ತೊಂದರೆ ತಪ್ಪಿಸಿತು. ಕೊಳವೆ ಮಡಚದೆ ಒಂದು ಪಿನ್ನು ಸಿಕ್ಕಿಸಿದರೆ ನೀರು ಅರ್ಧ. ಎರಡು ಸಿಕ್ಕಿಸಿದರೆ ಬರೀ ತೊಟಕು.

"ಜನವರಿಯಲ್ಲಿ ತೋಡು ಎಷ್ಟು ಇಳಿಯುತ್ತೆ?" ಎಂದು ನಾಣಯ್ಯ ಕೇಳುತ್ತಿದ್ದ.

"ನೀರಿನ ನಡುವೆ ಎಮ್ಮೆಬಂಡೆಯ ಬೆನ್ನು ಕಾಣತ್ತೆ, ಹೊಟ್ಟೆ ಕಾಣಲ್ಲ," ಎನ್ನುತ್ತಿದ್ದಳು.

"ಹಾಗಂದ್ರೆ?"

"ಹಾಗಂದ್ರೆ ಒಂದು ಪಿನ್ನು."

ತೋಡು ಕಣದಿಂದ ಕೂಗಳತೆಯಲ್ಲಿತ್ತು. ಹೋಗಿ ನೋಡಬಹುದಿತ್ತು. ಅವನು ಹೋಗಲಿಲ್ಲ, ಅವಳೂ ಕರೆದೊಯ್ಯಲಿಲ್ಲ. ಮೆಟ್ಟಿಲ ಮೇಲೆ ಕೂತು ಅವಳು ಹೇಳುವುದು, ಅವನು ಕೇಳುವುದು... ಇಬ್ಬರಿಗೂ ಅದೇ ಸುಖವಾಗಿತ್ತು. ಮಂಜು ಬಿದ್ದ ಬೆಳಿಗ್ಗೆ ಎಂಜಿನ್ನು ಎಷ್ಟು ಹೊತ್ತು ಹಟ ಮಾಡುತ್ತದೆ, ಹುತ್ತರಿ ಹಬ್ಬ ಕಳೆದ ಮೇಲೆ ಯಾವ ವಾರ ಹಣ್ಣು ಒಟ್ಟಿಗೆ ಕೆಂಪಾಗುತ್ತದೆ, ಎಲ್ಲವನ್ನೂ ಅವಳು ಹೇಳಿದಳು. ಅವನು ಹೇಳಿದಂತೆ ಪಿನ್ನು ಹಾಕಿದ. ಒಮ್ಮೆಯೂ 'ಖಂಡಿತವಾ?' ಎಂದು ಕೇಳಲಿಲ್ಲ.

ಮನೆಯಲ್ಲಿ ತಂಗಮ್ಮತ್ತೆಗೆ, ಎಂದರೆ ಸಾಂತಪ್ಪನವರ ಅಕ್ಕನಿಗೆ, ಕಣ್ಣು ಚೆನ್ನಾಗಿ ಕಾಣುತ್ತಿತ್ತು.

"ಎಂಥ ಕೂಸೇ, ಜಡೆ ದಿನಾ ಬಿಚ್ಚಿಕೊಂಡೇ ಬಂದದೆ? ಪೇಟೆಯಲ್ಲಿ ಪಿನ್ನಿಗೆ ಬರ ಬಂದುಟ್ಟಾ?"

"ಅದು... ಕೆಲಸಕ್ಕೆ ಬೇಕಿತ್ತು ಅತ್ತೆ."

"ಹೂಂ. ಕೆಲಸ ಗೊತ್ತುಟ್ಟು ನಂಗೆ."

ಶನಿವಾರ ಅವನು ಕೈ ಒರೆಸಿಕೊಳ್ಳುತ್ತ ಹೇಳಿದ. "ನಾಳೆ ನಿಮ್ಮ ತಂದೆಯವರಿಗೆ ತೋರಿಸಿಬಿಡ್ತೀನಿ. ನನ್ನ ಅಂದಾಜು, ಎಂಜಿನ್ನು ಬಿಟ್ಟು ಚಕ್ರ ಇಟ್ಕೊಳ್ಳಲಿ. ಎಂಜಿನ್ನು ಕೆಟ್ಟರೆ ಸಾಮಾನು ಮೈಸೂರಿಂದ ಬರಬೇಕು. ತೋಡು ಎಲ್ಲಿಂದಲೂ ಬರಬೇಕಾಗಿಲ್ಲ."

"ತೋರಿಸಿದ ಮೇಲೆ?"

"ಮಧ್ಯಾಹ್ನದ ಬಸ್ಸು."

ಅಷ್ಟೇ. ಮಧ್ಯಾಹ್ನದ ಬಸ್ಸು. ಬಸ್ಸಿಗಾದರೂ ಹೊತ್ತುಗೊತ್ತು ಇದೆ, ಈ ಮನುಷ್ಯನಿಗೆ ಅದೂ ಇಲ್ಲ, ಎಂದುಕೊಂಡು ಅವಳು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಎಲ್ಲರೂ ತಿಂಡಿಗೆ ಕೂತಿದ್ದಾಗ ಪ್ರೇಮಾವತಿ ಕಣಕ್ಕೆ ಬಂದಳು. ತೋಡಿನ ಕೊಳವೆಯ ಮೇಲೆ ಒಂದು ಪಿನ್ನಿತ್ತು. ಅದರ ಪಕ್ಕಕ್ಕೆ ಇನ್ನೊಂದು ಸಿಕ್ಕಿಸಿದಳು.

ಅವಳ ಯೋಚನೆ ಸರಳ. ಬಾವುಟ ಬೀಳುತ್ತೆ. ಅವನ ಅಂದಾಜು ತಪ್ಪುತ್ತೆ. 'ಎಲ್ಲೋ ಎಡವಟ್ಟಾಗಿದೆ, ಮತ್ತೆ ನೋಡಬೇಕು' ಅಂತಾನೆ. ಇನ್ನೊಂದು ವಾರ ಇರ್ತಾನೆ. ಆಮೇಲೆ ಪಿನ್ನು ತೆಗೆದರಾಯಿತು. ಯಾರಿಗೇನು ನಷ್ಟ?

*

ಕರೆಂಟಿನ ಕೊಳವೆ ಮುಚ್ಚಿದ. ಬಾವುಟ ಅಲ್ಲಾಡಲಿಲ್ಲ.

ಎಂಜಿನ್ನಿನದನ್ನೂ ಮುಚ್ಚಿದ. "ಈಗ ತೋಡು ಒಂದೇ," ಎಂದ, ಖಾತ್ರಿಯಿಂದ.

ಬಾವುಟ ಇಳಿಯಿತು. ಗೆರೆಗೆ ಬಂತು. ಗೆರೆ ದಾಟಿ ತಳ ಸೇರಿತು.

ಸಿದ್ದಣ್ಣ ಸಾವ್ಕಾರರ ಮುಖ ನೋಡಿದ, ನಗಬೇಕೋ ಬೇಡವೋ ಎಂದು.

ನಾಣಯ್ಯನ ಹುಬ್ಬು ಗಂಟಾಯಿತು. ಬಗ್ಗಿ ಕೊಳವೆ ನೋಡಿದ. ಎರಡನೇ ಪಿನ್ನು ಕಂಡಿತು. ತಲೆ ಎತ್ತಿ ನೇರವಾಗಿ ಪ್ರೇಮಾವತಿಯನ್ನು ನೋಡಿದ.

ಅವಳು ಅಂದುಕೊಂಡಳು, 'ಸಿಕ್ಕಿಬಿದ್ದೆ...'

ಆದರೆ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಹುಬ್ಬಿನ ಗಂಟು ಬಿಚ್ಚಿ, ಏನೋ ಅರ್ಥವಾದವನಂತೆ, ಕೃತಜ್ಞತೆಯಿಂದ ತಲೆದೂಗಿದ. ಸಾಂತಪ್ಪನವರ ಕಡೆ ತಿರುಗಿ, "ತೋಡನ್ನು ನಂಬಬೇಡಿ. ಎಂಜಿನ್ನೇ ಇರಲಿ," ಎಂದುಬಿಟ್ಟ.

"ನಾನು ಮೊದಲೇ ಹೇಳಿರಲಿಲ್ವಾ?" ಎಂದರು ಸಾಂತಪ್ಪನವರು. ಹೇಳಿರಲಿಲ್ಲ. ಆದರೂ ಸಿದ್ದಣ್ಣ, 'ಹೇಳಿದ್ರಿ' ಎಂದು ಸಾಕ್ಷಿ ನುಡಿದ.

ಪ್ರೇಮಾವತಿ ಬಾಯಿ ತೆರೆದಳು. ಏನೆಂದು ಹೇಳುವುದು, ಅಪ್ಪನ ಎದುರು, ರೈಟರ ಎದುರು? 'ಇವರು ಹೋಗಬಾರದು ಅಂತ ಪಿನ್ನು ಹಾಕಿದೆ' ಎಂದೇ?

ಬಸ್ಸಿಗೆ ಹೊರಟಾಗ ಅವನು ಗೇಟಿನ ಹತ್ತಿರ ನಿಂತ.

"ನಿಮಗೊಂದು ಮಾತು ಹೇಳಬೇಕು. ನನ್ನ ಲೆಕ್ಕ ತಪ್ಪಿತ್ತು. ನೀವು ತಿದ್ದಿದಿರಿ. ಅದೂ ಎಲ್ಲರೆದುರು ಹೇಳಿ ನನ್ನ ಮಾನ ತೆಗೀದೆ, ಮೆಲ್ಲಗೆ ಒಂದು ಪಿನ್ನು ಹಾಕಿ. ಬೇರೆ ಯಾರೂ ಹೀಗೆ ಮಾಡ್ತಿರಲಿಲ್ಲ."

ಹೊಡೆದಿದ್ದರೆ ಸಹಿಸಬಹುದಿತ್ತು.

"ಅದು..." ಎಂದಳು.

ಬಸ್ಸು ಹಾರನ್ ಮಾಡಿತು. ಅವನು ಹತ್ತಿದ. 'ಅದು' ಎನ್ನುವ ಮಾತು ಗೇಟಿನ ಹತ್ತಿರವೇ ಉಳಿಯಿತು.

*

ನಾಚಿಕೆ ಎನ್ನುವುದು ಮುಖ ಕೆಂಪಾಗಿ ಹೋಗಿಬಿಡುವ ಸಂಗತಿ ಎಂದು ಪ್ರೇಮಾವತಿ ಅಂದುಕೊಂಡಿದ್ದಳು. ಇದು ಹಾಗಿರಲಿಲ್ಲ. ಇದು ಮನೆಯಲ್ಲಿ ಬಂದು ತಂಗಿದ ನೆಂಟನ ಹಾಗೆ, ಊಟಕ್ಕೂ ಜೊತೆಗೆ ಕೂರುತ್ತಿತ್ತು.

ಚಕ್ರಕ್ಕೆ ನೀರು ಬರುವ ಕಾಲುವೆಗೆ ಮಣ್ಣು ಹಾಕಿಸಿದರು. ಅಂದು ಹೇಳಬಹುದಿತ್ತು. ಹೇಳಲಿಲ್ಲ. ಚಕ್ರದಿಂದ ಪಲ್ಪರಿಗೆ ಹೋಗುವ ದೊಡ್ಡ ಬೆಲ್ಟು ಬಿಚ್ಚಿಸಿದರು. ಅಂದೂ ಹೇಳಲಿಲ್ಲ. ಬೆಲ್ಟನ್ನು ಕತ್ತರಿಸಿ ಚಪ್ಪಲಿಯ ಅಟ್ಟೆ ಮಾಡಿಸಿಕೊಂಡವನು ಸಿದ್ದಣ್ಣ. ತಾನೊಬ್ಬನೇ ಅಲ್ಲ, ಕೂಲಿಲೈನಿನ ಮೇಸ್ತ್ರಿಗಳಿಗೂ ಹಂಚಿದ. ಅಲ್ಲಿಂದ ಮುಂದೆ ಅವನು ಎಲ್ಲಿ ನಡೆದರೂ ಚರಕ್, ಚರಕ್ ಎಂದು ಸದ್ದು. ಪ್ರೇಮಾವತಿಗೆ ಅದು ತನ್ನನ್ನೇ ಕರೆದಂತೆ ಕೇಳುತ್ತಿತ್ತು.

'ಅವನು ನನ್ನನ್ನು ನಂಬಿದ. ತನ್ನ ಲೆಕ್ಕಕ್ಕಿಂತ ಹೆಚ್ಚಾಗಿ ನಂಬಿದ. ನಾನು...'

ಮುಂದಿನ ಮಾತು ಮನಸ್ಸಿನಲ್ಲೂ ಆಡಲಾಗುತ್ತಿರಲಿಲ್ಲ.

ಜನವರಿ ಬಂತು. ಇಡೀ ತೋಟ ಒಟ್ಟಿಗೆ ಹಣ್ಣಾಯಿತು. ಪಿಕ್ಕಿಂಗಿನ ನಟ್ಟನಡುವೆ ತಿತಿಮತಿ ಕಾಡಿನ ಕಡೆಯಿಂದ ಬಂದ ಒಂಟಿ ಸಲಗಕ್ಕೆ ಬೆನ್ನು ತುರಿಸಿತು. ಹತ್ತಿರದಲ್ಲಿ ಮರಗಳು ಎಷ್ಟೋ ಇದ್ದವು. ಅದು ಕರೆಂಟಿನ ಕಂಬವನ್ನೇ ಆರಿಸಿಕೊಂಡಿತು.

ಕಂಬ ಮಲಗಿತು, ಕರೆಂಟು ಹೋಯಿತು.

"ಎಂಜಿನ್ನಿದೆ," ಎಂದರು ಸಾಂತಪ್ಪನವರು. ಎಂಜಿನ್ನು ಎರಡು ದಿನ ಒಬ್ಬಂಟಿಯಾಗಿ ದುಡಿದು, ಮೂರನೇ ಬೆಳಿಗ್ಗೆ ಒಳಗೆಲ್ಲೋ ಏನನ್ನೋ ಮುರಿದುಕೊಂಡು ನಿಂತಿತು. ಹಿತ್ತಾಳೆ ಫಲಕ ಮಾತ್ರ ಹೊಳೆಯುತ್ತಿತ್ತು. ಸಾಮಾನು ಮೈಸೂರಿನಿಂದ ಬರಬೇಕಿತ್ತು.

ಪಲ್ಪಿಂಗ್ ಹೌಸಿನ ಮುಂದೆ ಹಣ್ಣಿನ ರಾಶಿ ಬೆಳೆಯಿತು. ಪ್ರೇಮಾವತಿ ಅದರೊಳಗೆ ಕೈ ಇಟ್ಟು ನೋಡಿದಳು. ಜ್ವರ ಬಂದ ಮೈಯ ಹಾಗೆ ಸುಡುತ್ತಿತ್ತು. ಹುಳಿವಾಸನೆ ಆಗಲೇ ಎದ್ದಿತ್ತು.

"ಜೀಪು ಕಳಿಸು," ಎಂದು ಸಾಂತಪ್ಪನವರು ಸಿದ್ದಣ್ಣನಿಗೆ ಹೇಳಿದರು. "ಆ ಇಂಜಿನಿಯರನ್ನೂ, ಅವನ ಮ್ಯಾನೇಜರನ್ನೂ ಕರ್ಕೊಂಡು ಬಾ. ಇಲ್ಲೇ, ಈ ರಾಶಿ ಮುಂದೆ ಆ ಹುಡುಗನ ಕೆಲಸ ಬಿಡಿಸ್ತೀನಿ."

*

ನಾಣಯ್ಯ ಇಳಿ ಹೊತ್ತಿಗೆ ಬಂದ. ಜೊತೆಗೆ ಅವನ ಮ್ಯಾನೇಜರು, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು. ಹಣ್ಣಿನ ಮೂಟೆ ಇಳಿಸಿ ಅಳತೆಗೆ ಕಾಯುತ್ತಿದ್ದ ಹೆಂಗಸರು ಸಾಲಾಗಿ ನಿಂತಿದ್ದರು. ತಂಗಮ್ಮತ್ತೆಯೂ ಬಂದಿದ್ದರು.

"ಏನಪ್ಪಾ, ತೋಡನ್ನು ನಂಬಬೇಡಿ ಅಂದವನು ನೀನೇ ತಾನೆ?" ಎಂದರು ಸಾಂತಪ್ಪನವರು. "ಹೋಗಿ ನೋಡು. ಎಮ್ಮೆಬಂಡೆ ಹೊಟ್ಟೆಮಟ್ಟ ನೀರಲ್ಲಿದೆ. ಚಕ್ರ ಇದ್ದಿದ್ರೆ ಇವತ್ತು ಪಲ್ಪರು ತಿರುಗ್ತಿತ್ತು. ಡಬ್ಬ ಹಿಡ್ಕೊಂಡು ಬಂದು ನನ್ನ ತೋಟ ಮುಳುಗಿಸಿದೆಯಲ್ಲ."

"ಸಾವ್ಕಾರ್ರೇ, ನಾನು ಅವತ್ತೇ ನಕ್ಕಿದ್ದೆ," ಎಂದ ಸಿದ್ದಣ್ಣ, ಚಕ್ರದ ಬೆಲ್ಟಿನ ಮೇಲೆ ನಿಂತುಕೊಂಡು.

ಮ್ಯಾನೇಜರು ಕರವಸ್ತ್ರ ಸರಿಸಿ, "ಏನು ಹೇಳ್ತೀರಿ ನಾಣಯ್ಯ?" ಎಂದರು.

ನಾಣಯ್ಯ ಪ್ರೇಮಾವತಿಯ ಕಡೆಗೆ ನೋಡಲಿಲ್ಲ. ನೋಡಬಾರದೆಂದು ನಿರ್ಧರಿಸಿದವನ ಹಾಗೆ ನೋಡಲಿಲ್ಲ.

"ತಪ್ಪು ನನ್ನದು," ಎಂದ.

ಅಷ್ಟೇ ಸಾಕಿತ್ತು. ಮ್ಯಾನೇಜರು ತಲೆಯಾಡಿಸಿದರು, ಸಾಂತಪ್ಪನವರು ಮೀಸೆ ಸವರಿದರು. ಅವಳು ಸುಮ್ಮನಿದ್ದಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಅವನು ಜೀಪು ಹತ್ತಿ ಹೋಗುತ್ತಿದ್ದ. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ, ಅವಳಿಗೊಬ್ಬಳಿಗೆ ಬಿಟ್ಟು. ಸಾಯುವವರೆಗೂ.

"ಅಪ್ಪ."

ಪ್ರೇಮಾವತಿ ಒಂದು ಹೆಜ್ಜೆ ಮುಂದೆ ಬಂದಳು.

"ತೋಡಿನ ಕೊಳವೆಗೆ ಎರಡನೇ ಪಿನ್ನು ಹಾಕಿದ್ದು ನಾನು."

"ಗೊತ್ತು," ಎಂದ ನಾಣಯ್ಯ ತಕ್ಷಣ. "ನನ್ನ ಲೆಕ್ಕ ತಿದ್ದೋಕೆ ಹಾಕಿದ್ರಿ. ನಿಮಗೂ ಅಂದಾಜು ತಪ್ಪಿರಬಹುದು. ಪರೀಕ್ಷೆ ಮಾಡಬೇಕಾದವನು ನಾನು."

"ತಿದ್ದೋಕಲ್ಲ." ಅವಳು ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. "ನನಗೆ ಅಂದಾಜು ತಪ್ಪಿರಲಿಲ್ಲ. ಒಂದೇ ಪಿನ್ನು ಸರಿ ಅಂತ ಗೊತ್ತಿತ್ತು. ಬಾವುಟ ಬಿದ್ದರೆ... ನೀವು ಮತ್ತೆ ನೋಡಬೇಕು ಅಂತೀರಿ, ಇನ್ನೊಂದು ವಾರ ಇರ್ತೀರಿ ಅಂತ ಹಾಕಿದೆ."

ಸಿದ್ದಣ್ಣನ ಚಪ್ಪಲಿ ಕೂಡ ಸುಮ್ಮನಿತ್ತು.

ಹೆಂಗಸರ ಸಾಲಿನಿಂದ ಸೋಮಿಯ ದನಿ ಬಂತು. ಪಿಕ್ಕಿಂಗಿನವರಲ್ಲಿ ಹಿರಿಯಳು, ಯಾರಿಗೂ ಹೆದರದವಳು. "ಅಯ್ಯೋ ಅಮ್ಮಣ್ಣಿ. ಇನ್ನೊಂದು ವಾರ ಇರಿ ಅಂತ ಬಾಯಿಬಿಟ್ಟು ಹೇಳಿದ್ರೆ ಇಷ್ಟು ಹಣ್ಣು ಉಳೀತಿತ್ತಲ್ಲ."

ಸಾಲಿನುದ್ದಕ್ಕೂ ನಗು ಹರಿಯಿತು. ಪ್ರೇಮಾವತಿ ನೆಲ ನೋಡಿದಳು. ನೆಲ ಬಾಯಿ ಬಿಡಲಿಲ್ಲ. ಅದಕ್ಕೆ ಅಂಥ ಅಭ್ಯಾಸ ಇಲ್ಲ.

"ಒಂದು ವಾರಕ್ಕೆ ನನ್ನ ಚಕ್ರ ಹೋಯ್ತಾ?" ಎಂದರು ಸಾಂತಪ್ಪನವರು, ನಂಬಲಾಗದೆ.

ಅವಳು ತಲೆ ಎತ್ತಿ ನಾಣಯ್ಯನನ್ನು ನೋಡಿದಳು. ಗೇಟಿನ ಹತ್ತಿರ ಅವನ ಮುಖದಲ್ಲಿ ಕಂಡಿದ್ದ ಆ ಮೆಚ್ಚುಗೆ ಈಗ ಒಂದಿಷ್ಟೂ ಇರಲಿಲ್ಲ. ಬಿಳಿಚಿಕೊಂಡಿದ್ದ.

ಅವನು ಸಾಂತಪ್ಪನವರನ್ನು ಕೇಳಿದ. "ಎಂಜಿನ್ನಿನ ಬೆಲ್ಟು ಚೆನ್ನಾಗಿದೆಯಾ?"

"ಇದೆ. ಯಾಕೆ?"

"ಅದನ್ನ ಚಕ್ರಕ್ಕೆ ಹಾಕೋಣ. ಉದ್ದ ಸಾಲಲ್ಲ. ಪಲ್ಪರನ್ನೇ ಚಕ್ರದ ಹತ್ತಿರಕ್ಕೆ ಎಳೀಬೇಕು. ಕಾಲುವೆ ಮಣ್ಣು ತೆಗೆಸಿ."

ಆಮೇಲೆ ಮಾತಿಲ್ಲ, ಕೆಲಸ. ಹೆಂಗಸರು ಮೂಟೆ ಬಿಟ್ಟು ಗುದ್ದಲಿ ಹಿಡಿದರು. ಸಾಂತಪ್ಪನವರೇ ಪಲ್ಪರಿಗೆ ಹೆಗಲು ಕೊಟ್ಟರು. ಮ್ಯಾನೇಜರು ಕರವಸ್ತ್ರ ಜೇಬಿಗಿಟ್ಟು ಹಗ್ಗ ಹಿಡಿದರು. ಪ್ರೇಮಾವತಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಾಲುವೆಯ ಮಣ್ಣು ಎತ್ತಿದಳು. ನಾಣಯ್ಯ ಎರಡು ಸಲ ಅವಳ ಪಕ್ಕದಲ್ಲೇ ಹಾದುಹೋದ. ಒಂದು ಮಾತಿಲ್ಲ.

ದೀಪ ಹಚ್ಚುವ ಹೊತ್ತಿಗೆ ನೀರು ಬಂತು. ಚಕ್ರ ಮುಲುಗಿತು, ನಿಂತಿತು, ಮತ್ತೆ ಮುಲುಗಿ ತಿರುಗಿತು.

ಅಡಿಯ ಹಣ್ಣು ಹುಳಿತು ಗೊಬ್ಬರದ ಗುಂಡಿಗೆ ಹೋಯಿತು. ಮೇಲಿನದು ಉಳಿಯಿತು.

"ಮ್ಯಾನೇಜರೇ, ಹುಡುಗನ ಕೆಲಸ ಇರಲಿ," ಎಂದರು ಸಾಂತಪ್ಪನವರು, ಯಾರ ಮುಖವನ್ನೂ ನೋಡದೆ. "ಲೆಕ್ಕ ಸರಿಯಾಗೇ ಇತ್ತಂತೆ. ಕೆಟ್ಟಿದ್ದು ನಮ್ಮ ಮನೆಯದೇ ಒಂದು ಪಿನ್ನು."

*

ಮರುದಿನ ಬೆಳಿಗ್ಗೆ ತಂಗಮ್ಮತ್ತೆ ಒಂದು ಲೋಟ ಕಾಫಿ ಅವಳ ಕೈಗಿಟ್ಟರು. "ಇಂಜಿನಿಯರಪ್ಪ ರೈಟರ ಕ್ವಾರ್ಟರ್ಸಲ್ಲಿ ಮಲಗಿದ್ದ. ಈಗ ತೋಡಿನ ಹತ್ರ ಉಟ್ಟು. ಕೊಟ್ಟು ಬಾ."

"ನಾನು ಹೋಗಲ್ಲ ಅತ್ತೆ. ಮುಖ ತೋರಿಸೋಕಾಗಲ್ಲ."

"ಮುಖ ಯಾರು ಕೇಳ್ದು? ಕಾಫಿ ಕೊಟ್ಟು ಬಾ."

ನಾಣಯ್ಯ ಎಮ್ಮೆಬಂಡೆಯ ಪಕ್ಕದಲ್ಲಿ ಪ್ಯಾಂಟು ಮಡಚಿ ನೀರಿಗಿಳಿದಿದ್ದ. ಗುರುತು ಹಾಕಿದ ಬಿದಿರಿನ ಗಳುವೊಂದನ್ನು ನೆಡುತ್ತಿದ್ದ. ಅವಳು ಲೋಟವನ್ನು ಬಂಡೆಯ ಬೆನ್ನ ಮೇಲಿಟ್ಟು ಹಿಂದೆ ಸರಿದಳು.

"ಕ್ಷಮಿಸಿ ಅನ್ನೋಕೂ ನಾಚಿಕೆ ಆಗುತ್ತೆ ನನಗೆ," ಎಂದಳು. "ಅಪ್ಪನ ಹಣ್ಣು ಹೋಯ್ತು. ನಿಮ್ಮ ಹೆಸರು ಹೋಗೋದ್ರಲ್ಲಿತ್ತು. ಅವತ್ತು ಗೇಟಿನ ಹತ್ರ ನೀವು ನನ್ನನ್ನ ಹೊಗಳಿದಾಗಲಾದ್ರೂ ಹೇಳಬಹುದಿತ್ತು. ಹೊಗಳಿಕೆ ಕೇಳ್ಕೊಂಡು ನಿಂತಿದ್ದೆ."

ಅವನು ಗಳುವನ್ನು ಅಲ್ಲಾಡಿಸಿ ಗಟ್ಟಿ ಮಾಡಿದ.

"ನಿನ್ನೆಯಿಂದ ನಾನು ನಿಮ್ಮ ಜೊತೆ ಮಾತಾಡಲಿಲ್ಲ," ಎಂದ. "ಸಿಟ್ಟಿಗೆ ಅಂದ್ಕೊಂಡ್ರಾ?"

"ಮತ್ತೇನು?"

"ನಿಮ್ಮ ಮನೆ ಕಣದಿಂದ ಇಲ್ಲಿಗೆ ಕೂಗಿದ್ರೆ ಕೇಳುತ್ತೆ. ಒಂದು ಗಳು ನೆಟ್ಟು ನೋಡಿದ್ರೆ ಸಾಕಿತ್ತು. ಬೇರೆ ಎಲ್ಲ ತೋಟದಲ್ಲೂ ನೀರಿಗಿಳಿದು ಅಳೆದಿದ್ದೀನಿ. ನಿಮ್ಮಲ್ಲಿ ಮಾತ್ರ ಇಳೀಲಿಲ್ಲ." ಅವನು ಅವಳ ಕಡೆ ತಿರುಗಿದ. "ಇಳಿದಿದ್ರೆ ನಿಮ್ಮನ್ನ ಕೇಳೋಕೆ ಏನೂ ಉಳೀತಿರಲಿಲ್ಲ. ಎಮ್ಮೆಬಂಡೆ, ಬೆನ್ನು, ಹೊಟ್ಟೆ... ಅದನ್ನೆಲ್ಲ ನಿಮ್ಮ ಬಾಯಿಂದ ಕೇಳಬೇಕಿತ್ತು ನನಗೆ. ನೀವು ಒಂದು ಪಿನ್ನು ಹಾಕಿದ್ರಿ. ನಾನು ಕೆಲಸವನ್ನೇ ಮಾಡಲಿಲ್ಲ. ನಿನ್ನೆ ಅಷ್ಟು ಜನರ ಎದುರು ನೀವು ನಿಜ ಹೇಳಿದಿರಿ. ನನ್ನ ನಿಜ ನನ್ನ ಹೊಟ್ಟೆಯಲ್ಲೇ ಇತ್ತು. ಮಾತಾಡೋಕೆ ಮುಖ ಇರಲಿಲ್ಲ."

ನೀರು ಬಂಡೆಯ ಹೊಟ್ಟೆ ಸವರಿಕೊಂಡು ಚಕ್ರದ ಕಡೆಗೆ ಹರಿಯುತ್ತಿತ್ತು.

ಪ್ರೇಮಾವತಿಗೆ ಅಳು ಬರಬೇಕಿತ್ತು. ಬಂದದ್ದು ನಗು. ಅರ್ಧಕ್ಕೆ ಬಂದ ಮೇಲೆ ಅದೂ ಅಳುವೇ ಆಯಿತು. ಅವನು ಕೈ ಚಾಚಿದ. ಅವಳು ಸೀರೆ ಸ್ವಲ್ಪ ಎತ್ತಿ ನೀರಿಗಿಳಿದಳು.

"ಈ ಗಳು ಹಿಡೀರಿ. ಕಲ್ಲು ಇಡ್ತೀನಿ."

ಹಿಡಿದಳು.

"ಈ ಸಲ ಎಷ್ಟು ದಿನ ಇರ್ತೀರಿ?" ಎಂದು ಕೇಳಿದಳು. ಬಾಯಿಬಿಟ್ಟು ಕೇಳಿದಳು. ಸೋಮಿ ಕಲಿಸಿದ ಪಾಠ.

"ತೋಡನ್ನ ಸರಿಯಾಗಿ ತಿಳೀಬೇಕಂದ್ರೆ ಒಂದು ಬೇಸಿಗೆ ನೋಡಬೇಕು, ಒಂದು ಮಳೆಗಾಲ ನೋಡಬೇಕು."

"ಅದು ಆದ ಮೇಲೆ?"

"ಮುಂದಿನ ವರ್ಷದ ತೋಡು ಬೇರೆ. ಅದನ್ನೂ ನೋಡಬೇಕು." ಅವನು ಕಲ್ಲು ಇಟ್ಟು, ಗಳುವಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಒದ್ದೆ ಕೈ ಇಟ್ಟ. "ನಿಮ್ಮ ತಂದೆಯವರನ್ನ ಇವತ್ತೇ ಕೇಳ್ತೀನಿ. ಹಂಡೆಗೆ ತೂತು ಕೊರೆಯೋಕೆ ಮಾತ್ರ ಕೇಳಿರಲಿಲ್ಲ."

ಗಳು ನಿಂತಿತ್ತು. ಇನ್ನು ಹಿಡಿಯಬೇಕಾಗಿರಲಿಲ್ಲ.

"ಕೈ ತೆಗೀಲಾ?" ಎಂದಳು.

"ಬೇಡ," ಎಂದ.

ಬಂಡೆಯ ಬೆನ್ನ ಮೇಲೆ ಕಾಫಿ ಆರಿತು.